ಶಾರದತ್ತೆ ಒಪ್ಪಿದ ಆಂಪ್ಲಿಫೈಯರ್

ಕೊಪ್ಪಳದ ಮಗ್ಗುಲ ಭಾಗ್ಯನಗರದ ನಮ್ಮ ಮನೆಯಲ್ಲಿ ಮೂರು ಕೋಣೆಗಳು ರೈಲು ಡಬ್ಬಿಗಳಂತೆ ಒಂದರ ಹಿಂದೆ ಒಂದಿದ್ದವು. ಮುಂದಿನ ಪಡಸಾಲೆ ಅಪ್ಪನದು, ಹಿಂದಿನ ಅಡುಗೆಮನೆ ಅವ್ವನದು, ನಡುಮನೆ ಮಾತ್ರ ಶಾರದತ್ತೆಯದು. ಅಪ್ಪನ ತಂಗಿಯಾದ ಆಕೆ ಕಿಟಕಿಯ ಕೆಳಗೆ ಹೊಲಿಗೆ ಯಂತ್ರ ಇಟ್ಟುಕೊಂಡು ಊರವರ ಕುಪ್ಪಸ ಹೊಲಿಯುತ್ತಿದ್ದಳು. ಕೊಪ್ಪಳ ಜಿಲ್ಲೆಯಾದ ಹೊಸತು. ದೂರದ ಊರುಗಳಿಂದ ವರ್ಗವಾಗಿ ಬಂದ ನೌಕರರ ಹೆಂಡಂದಿರು ನಮ್ಮ ಓಣಿ ಹುಡುಕಿಕೊಂಡು ಬರುತ್ತಿದ್ದರು, ಹೀಗಾಗಿ ಯಂತ್ರ ಬೆಳಗಿನಿಂದ ಸಂಜೆವರೆಗೆ ಕಟಕಟ ಅನ್ನುತ್ತಲೇ ಇರುತ್ತಿತ್ತು. ಅದರ ಎದುರಿನ ಗೋಡೆಯ ಗೂಡಿನಲ್ಲಿ ಅಂಗೈಯಗಲದ ಸ್ಪೀಕರಿನ ಒಂದು ಟೇಪ್ ರೆಕಾರ್ಡರ್. ಅತ್ತೆಗೆ ಹಾಡಿಲ್ಲದೆ ಸೂಜಿಯಲ್ಲಿ ದಾರ ಹೋಗುತ್ತಿರಲಿಲ್ಲ. ಆದರೆ ಯಂತ್ರ ತುಳಿದರೆ ಹಾಡು ಮುಳುಗುತ್ತಿತ್ತು, ಹಾಡು ಕೇಳಬೇಕೆಂದರೆ ಯಂತ್ರ ನಿಲ್ಲಿಸಬೇಕು. ಇಷ್ಟದ ಸಾಲು ಬರುವ ಹೊತ್ತಿಗೆ ಅತ್ತೆ ಪೆಡಲಿನ ಮೇಲಿನ ಪಾದ ಎತ್ತಿ, ಕಣ್ಣು ಮುಚ್ಚಿ, ಸಾಲು ಮುಗಿದ ಮೇಲೆ ಮತ್ತೆ ತುಳಿಯುತ್ತಿದ್ದಳು. ಅರಿವೆ ಕೊಟ್ಟು ಕಾಯುತ್ತಿದ್ದ ಹೆಂಗಸರು ಇದನ್ನು ನೋಡಿ ನಗುತ್ತಿದ್ದರು.

ಶಾಲೆ ಬಿಟ್ಟು ಬಂದ ಕೂಡಲೇ ನಾನು ಆ ನಡುಮನೆಯ ಚಾಪೆಯ ಮೇಲೆ ಬೀಳುತ್ತಿದ್ದೆ. ನಾಲ್ಕನೆಯ ಇಯತ್ತೆಯಲ್ಲಿದ್ದ ನನಗೆ ಅತ್ತೆಯೇ ಗೆಳತಿ. ಊಟವಾದ ಮೇಲೆ ಅರ್ಧ ತಾಸು ಯಂತ್ರಕ್ಕೆ ಬಿಡುವು. ಆಗ ಇಬ್ಬರೂ ಅಂಗಾತ ಮಲಗಿ ಹಾಡು ಕೇಳುತ್ತಾ ಒಂದು ಆಟ ಆಡುತ್ತಿದ್ದೆವು. ತಬಲಾದ ಎಡಗೈ ಎಲ್ಲಿ ಸುಮ್ಮನಾಯಿತು, ಹಾರ್ಮೋನಿಯಂನವನು ಎಲ್ಲಿ ಉಸಿರು ತೆಗೆದುಕೊಂಡ, ಹಿಮ್ಮೇಳದಲ್ಲಿ ಕೆಮ್ಮಿದವರು ಯಾರು, ಗಂಡಸೋ ಹೆಂಗಸೋ. ಹಾಗೆ ಕೇಳುವುದನ್ನು ನನಗೆ ಕಲಿಸಿದವಳು ಆಕೆ. ಆಕೆಗೆ ಮದುವೆಯ ವಯಸ್ಸು ದಾಟುತ್ತಿದೆ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಕನ್ಯಾ ನೋಡಲು ಬಂದವರ ಮುಂದೆ ತಾಟು ಇಟ್ಟು, ಕೂರೆಂದಲ್ಲಿ ಕೂತು, ಅತ್ತೆ ತುಟಿ ಬಿಚ್ಚುತ್ತಿರಲಿಲ್ಲ. ಅವರು ಹೋದ ಮೇಲೆ ಒಂದೇ ಮಾತು: "ಒಲ್ಲೆ." ಯಾಕೆಂದು ಕೇಳಿದರೆ ಎದ್ದು ಹೋಗಿ ಯಂತ್ರ ತುಳಿಯತೊಡಗುತ್ತಿದ್ದಳು. ಅವ್ವ ತಲೆ ಚಚ್ಚಿಕೊಳ್ಳುತ್ತಿದ್ದಳು, ಅಪ್ಪ ಅಂಗಿ ಹಾಕಿಕೊಂಡು ತನ್ನ ಬಟ್ಟೆ ಅಂಗಡಿಗೆ ನಡೆದುಬಿಡುತ್ತಿದ್ದ. ನನಗೆ ಮಾತ್ರ ಪ್ರತಿ ಸಲವೂ ಹಬ್ಬ. ಉಳಿದ ಚೂಡಾ ತಿನ್ನುತ್ತಾ, ಅತ್ತೆ ಇನ್ನೂ ಕೆಲವು ದಿನ ನನ್ನವಳೇ ಎಂದು ಸಮಾಧಾನಪಡುತ್ತಿದ್ದೆ.

ಒಂದು ದಿನ ಅಪ್ಪ ಗಂಗಾವತಿಯಿಂದ ಬರುವಾಗ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತಂದ. ಒಳಗೊಂದು ಆಂಪ್ಲಿಫೈಯರ್, ಎರಡು ಸ್ಪೀಕರ್. ತಂಗಿಯ ಯಂತ್ರದ ಸದ್ದನ್ನು ಮೀರಿಸುವ ಹಾಡು ಮನೆಯಲ್ಲಿ ಆಗಬೇಕೆಂದು ಆತನಿಗೆ ಬಹಳ ದಿನದಿಂದ ಆಸೆಯಿತ್ತು. ಆ ಡಬ್ಬಿಯ ಮುಖವೆಲ್ಲ ಬಂಗಾರದ ಬಣ್ಣ. ಹಾಡು ಹಚ್ಚಿದರೆ ಕೆಂಪು, ಹಸಿರು ದೀಪಗಳು ಸಾಲಾಗಿ ಏರಿ ಇಳಿದು ಕುಣಿಯುತ್ತಿದ್ದವು. ರಟ್ಟಿನ ಮೇಲೆ ವಾಟ್ ಎಷ್ಟೆಂದು ಬರೆದಿದ್ದರು, ಅದರ ಸೊನ್ನೆಗಳನ್ನು ಅಪ್ಪ ನಮಗೆಲ್ಲ ಬೆರಳಿಟ್ಟು ತೋರಿಸಿದ.

"ಕಂಪನಿ ಮಾಲು ತಗೊಂಡ್ರ ಇದರ ನಾಕು ಪಟ್ಟು ಬೀಳ್ತಿತ್ತು. ಹೆಂಗೈತಿ ನನ್ನ ವ್ಯಾಪಾರ?"

ಮೊದಲ ದಿನ ಓಣಿಯ ಮಕ್ಕಳೆಲ್ಲ ದೀಪ ನೋಡಲು ಬಂದರು. ಎರಡನೆಯ ದಿನ ತೀರ್ಪುಗಳು ಶುರುವಾದವು. ಅಪ್ಪನ ತಾಯಿ, ನಾವೆಲ್ಲ ಆಯಿ ಎನ್ನುತ್ತಿದ್ದ ಮುದುಕಿ, ತತ್ವಪದದ ಕ್ಯಾಸೆಟ್ಟಿಗೆ ಕಿವಿಗೊಟ್ಟು ಕೂತು ಕೊನೆಗೆ ಹೇಳಿದಳು:

"ಗದ್ದಲ ಭಾಳ ಐತಿ, ಮಾತು ಕಡಿಮಿ. ಇಷ್ಟು ಒದರಿದ್ರೂ ಏನಂದ ಅನ್ನೋದು ತಿಳಿವಲ್ದು."

ಅವ್ವ ಧೂಳು ಒರೆಸಲು ಹೋಗಿ ಕೈ ಹಿಂದಕ್ಕೆಳೆದುಕೊಂಡಳು. "ರೊಟ್ಟಿ ಹಂಚಿನಂಗ ಕಾಯ್ದೈತಿ ನೋಡ್ರಿ. ಇದು ಕೆಟ್ರ ಕೊಪ್ಪಳದಾಗ ಯಾರರ ರಿಪೇರಿ ಮಾಡ್ತಾರೇನು, ಅಷ್ಟರ ಕೇಳೀರಿಲ್ಲೋ?" ಅಪ್ಪ ಕೇಳಿರಲಿಲ್ಲ. ಅತ್ತೆ ಎಲ್ಲರಿಗಿಂತ ಕೊನೆಗೆ ಎದ್ದಳು. ಯಂತ್ರ ತುಳಿಯಲು ನನ್ನನ್ನು ಕೂರಿಸಿ, ತಾನು ಗುಂಡಿ ತಿರುಗಿಸುತ್ತಾ ಹೋದಳು. ಗುಂಡಿ ಅರ್ಧ ದಾಟುವ ಮೊದಲೇ ಹಾಡುವವಳ ಕೊರಳು ಚರಚರ ಎಂದಿತು.

"ಅಣ್ಣಾ, ದನಿ ಹರೀತದ. ಹಳೇ ಸೀರಿ ಜಗ್ಗಿದಂಗ ಹರೀತದ."

"ಅಷ್ಟು ದೀಪ ಹತ್ತಾಕತ್ತಾವು, ನಿನಗ ಕಾಣವಲ್ದೇನು?" ಎಂದ ಅಪ್ಪ.

"ದೀಪ ಕೇಳಾಕ ಬರತಾವೇನಣ್ಣಾ?"

ಅಲ್ಲಿಗೆ ಅಣ್ಣ ತಂಗಿಗೆ ಮಾತು ನಿಂತಿತು. ಒಂದೇ ಸಾಲಿನಲ್ಲಿ ಊಟಕ್ಕೆ ಕೂತರೂ "ರೇಣಿ, ನಿಮ್ಮತ್ತಿಗೆ ಪುಂಡಿಪಲ್ಯ ಕೊಡು ಅನ್ನು," "ರೇಣಿ, ನಿಮ್ಮಪ್ಪಗ ಚಟ್ನಿ ಬೇಕೇನು ಕೇಳು," ಎಂದು ನನ್ನ ಮೂಲಕವೇ ಮಾತು. ನಡುವೆ ಕೂತ ನಾನು ಎರಡೂ ಕಡೆಯವರ ಮಾತಿಗೆ ನನ್ನದೊಂದಿಷ್ಟು ಉಪ್ಪುಕಾರ ಸೇರಿಸಿ ದಾಟಿಸುತ್ತಿದ್ದೆ. ಆಯಿ ಹಲ್ಲಿಲ್ಲದ ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದಳು.

ಈ ಮೌನ ಹೀಗೇ ನಡೆದಿರುವಾಗ ಒಂದು ದಿನ ಶರಣಪ್ಪ ಎಂಬುವವರು ಕನ್ಯಾ ನೋಡಲು ಬಂದರು. ಅವರದು ಗಂಗಾವತಿ ಕಡೆಯ ಹಳ್ಳಿ, ಕಾಲುವೆ ನೀರಿನ ಭತ್ತದ ಹೊಲದ ಮನೆತನ. ಅವರು ಮಾತ್ರ ಗಿಣಿಗೇರಾದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಮಾಡುತ್ತಿದ್ದರು. ಜೊತೆಗೆ ಬಂದವರು ಅವರ ತಾಯಿ, ದೊಡ್ಡ ಕುಂಕುಮದ, ದೊಡ್ಡ ದನಿಯ ಹೆಂಗಸು. ಅವ್ವ ಒಗ್ಗರಣೆ ಮಂಡಾಳು, ಮಿರ್ಚಿ ಮಾಡಿದ್ದಳು. ಬೀಗರಾಗುವವರಿಗೆ ಮನೆಯ ಅಂತಸ್ತು ತಿಳಿಯಲೆಂದು ಅಪ್ಪ ಬಂಗಾರದ ಡಬ್ಬಿಯನ್ನು ಪಡಸಾಲೆಗೆ ತಂದಿಟ್ಟು, ಅತ್ತೆ ತಾಟು ಹಿಡಿದು ಬರುವ ಹೊತ್ತಿಗೆ ಸರಿಯಾಗಿ ಹಾಡು ಹಚ್ಚಿದ. ಆವತ್ತು ಕರೆಂಟು ಬೆಳಗಿನಿಂದ ಏರಿಳಿಯುತ್ತಿತ್ತು. ದೀಪಗಳು ಒಮ್ಮೆ ತುದಿಯವರೆಗೆ ಏರಿದವು, ಹಾಡಿನ ಬದಲು ಎಮ್ಮೆ ಒದರಿದಂತೆ ಗುಂಯ್ ಎಂಬ ಸದ್ದು ಬಂತು, ಆಮೇಲೆ ಒಳಗೆ ಟಿಕ್ ಎಂದು ಎಲ್ಲವೂ ಆರಿತು. ಸುಟ್ಟ ವಾಸನೆ ಹರಡಿತು. ಅಪ್ಪನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಶರಣಪ್ಪ ನಗಲಿಲ್ಲ. ಎದ್ದು ಹೋಗಿ ಪ್ಲಗ್ಗು ಕಿತ್ತು ಬಂದು ಕೂತರು. ಆಗ ನಡೆದದ್ದು ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ನಡೆದಿರಲಿಲ್ಲ. ನೋಡಲು ಬಂದ ಗಂಡಿನ ಎದುರು ಅತ್ತೆ ಬಾಯಿ ಬಿಟ್ಟಳು.

"ಏನಾಗೈತ್ರಿ ಅದಕ್ಕ?"

"ಗೊತ್ತಿಲ್ರಿ. ಬಿಚ್ಚಿ ನೋಡದ ಹೆಂಗ ಹೇಳ್ಲಿ?"

ಅತ್ತೆ ತಾಟನ್ನು ಅಲ್ಲೇ ಕೆಳಗಿಟ್ಟು ಒಳಗೆ ಹೋಗಿ ಹೊಲಿಗೆ ಯಂತ್ರದ ಸ್ಕ್ರೂಡ್ರೈವರ್ ತಂದುಕೊಟ್ಟಳು. ಶರಣಪ್ಪ ಅಪ್ಪನ ಕಡೆ ನೋಡಿದರು. ಅಪ್ಪ ತಲೆಯಾಡಿಸಿದ. ಮುಚ್ಚಳ ತೆಗೆದರೆ ಅಷ್ಟು ದೊಡ್ಡ ಪೆಟ್ಟಿಗೆಯ ಒಳಗೆ ಮುಕ್ಕಾಲು ಪಾಲು ಖಾಲಿ! ಒಂದು ಮೂಲೆಯಲ್ಲಿ ಲಿಂಬೆಹಣ್ಣಿಗಿಂತ ತುಸು ದೊಡ್ಡ ಟ್ರಾನ್ಸ್‌ಫಾರ್ಮರ್, ಒಂದಿಷ್ಟು ತಂತಿ. ಎಲ್ಲರೂ ಮಂಡಾಳಿನ ತಾಟು ಬಿಟ್ಟು ಬಗ್ಗಿ ನೋಡಿದೆವು.

"ಇಷ್ಟ ಐತೇನು?" ಅಪ್ಪನ ದನಿ ಸಣ್ಣದಾಗಿತ್ತು.

"ಬೇಜಾರಾಗಬ್ಯಾಡ್ರಿ ಅಣ್ಣಾರ, ಎಲ್ಲಾರೂ ಹೊರಗಿಂದ ನೋಡೇ ತರ್ತಾರ," ಎಂದರು ಶರಣಪ್ಪ. "ಈಗ ನಮ್ಮೂರ ರೈಸ್ ಮಿಲ್ಲಿನಾಗ ನೋಡ್ರಿ. ಜಿದ್ದಿಗೆ ಬಿದ್ದು ಒಮ್ಮೆ ಎರಡು ಚೀಲ ಎತ್ತಿ ಚೆಲ್ಲೋ ಹಮಾಲ ಇರ್ತಾನ. ಮುಂಜಾನಿಂದ ಸಂಜಿತನಕ ಒಂದೊಂದ ಚೀಲ ಹೊರೋ ಹಮಾಲನೂ ಇರ್ತಾನ. ಡಬ್ಬಿ ಮ್ಯಾಲೆ ಬರದ ವಾಟು ಮೊದಲನೇ ಹಮಾಲಂದು. ನಮಗ ಬೇಕಾದವ ಎರಡನೇದವ."

"ಹಂಗಾರ ಎರಡನೇದವನ್ನ ಗುರ್ತು ಹಿಡಿಯೋದು ಹೆಂಗ?" ಅತ್ತೆ ಈಗ ಬಾಗಿಲ ಬಳಿಯಿಂದ ಚಾಪೆಯ ಅಂಚಿಗೆ ಬಂದು ಕೂತಿದ್ದಳು.

"ಎತ್ತಿ ನೋಡ್ರಿ. ಟ್ರಾನ್ಸ್‌ಫಾರ್ಮರ್ ಛಲೋದಿದ್ರ ಡಬ್ಬಿ ವಜ್ಜ ಇರತೈತಿ. ತಾಸುಗಟ್ಲೆ ಹಚ್ಚಿ ಮೈಮ್ಯಾಲೆ ಕೈ ಇಡ್ರಿ. ಕರೆಂಟ್ ಇಳದಾಗ ಹೆಂಗ ಹಾಡತೈತಿ ಕೇಳ್ರಿ. ಕೆಟ್ರ ನಮ್ಮೂರಾಗ ರಿಪೇರಿ ಆಗತೈತೇನು ವಿಚಾರ್ಸ್ರಿ."

"ಅದನ್ನ ನಾ ಅವತ್ತೇ ಹೇಳಿದ್ದೆ!" ಅಡುಗೆಮನೆಯಿಂದ ಅವ್ವ ಕೂಗಿದಳು. ಅಪ್ಪನಿಗೂ ನಗು ತಡೆಯಲಾಗಲಿಲ್ಲ. ಮಾತು ಬೆಳೆದು, ಶರಣಪ್ಪ ತಮ್ಮ ಖೋಲಿಯಲ್ಲಿ ತಾವೇ ಜೋಡಿಸಿದ ಆಂಪ್ಲಿಫೈಯರ್ ಒಂದಿದೆ ಎಂದರು. ಅತ್ತೆ ತಡಮಾಡಲಿಲ್ಲ.

"ಅದನ್ನ ತರ್ರಿ. ಕೇಳಿ ಆಮ್ಯಾಲೆ ಹೇಳ್ತೀನಿ."

ಹೆಣ್ಣು ಗಂಡಿಗೆ ಹೀಗೆ ಹೇಳುವುದುಂಟೇ? ಅವ್ವನಂತೂ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದಳು. ಕಡೆಗೆ ಶರಣಪ್ಪನ ತಾಯಿಯೇ ತಮ್ಮ ದೊಡ್ಡ ದನಿಯಲ್ಲಿ ಕೇಳಿದರು: "ಏನ್ ಹೇಳ್ತೀ ತಂಗೀ? ಡಬ್ಬಿ ವಿಷಯನೋ, ನನ್ನ ಮಗನ ವಿಷಯನೋ?" ಆಯಿ ಗೊಳ್ಳೆಂದು ನಕ್ಕಳು, ಅವಳ ಹಿಂದೆ ಎಲ್ಲರೂ. ಅತ್ತೆ ನಾಚಿ ಒಳಗೆ ಓಡಿದಳು.

ನಾನು ನಗಲಿಲ್ಲ. ಅವರು ಹೋದ ಮೇಲೆ ಅತ್ತೆ "ಒಲ್ಲೆ" ಅನ್ನಲಿಲ್ಲ, ಅದೇ ನನಗೆ ದಿಗಿಲು. ಆ ವಾರವೆಲ್ಲ ಆಕೆ ತಪ್ಪು ತಪ್ಪಾಗಿ ಹೊಲಿದು ಬಿಚ್ಚಿದಳು. ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ಆ ಆಂಪ್ಲಿಫೈಯರ್ ಬರಲಿ, ಅದರಲ್ಲಿ ಹುಳುಕು ಹುಡುಕೇ ತೀರುತ್ತೇನೆ. ಅದು ಫೇಲಾದರೆ ಅವರೂ ಫೇಲು, ಅತ್ತೆ ನಡುಮನೆಯಲ್ಲೇ ಉಳಿಯುತ್ತಾಳೆ.

ರವಿವಾರ ಬೆಳಿಗ್ಗೆ ಶರಣಪ್ಪ ತಾಯಿಯ ಜೊತೆ ಬಸ್ಸಿಳಿದು ಬಂದಾಗ ಹೆಗಲ ಮೇಲೆ ಅಕ್ಕಿಯ ಚೀಲವಿತ್ತು. "ಅಕ್ಕಿ ಯಾಕ ತಂದಿ ತಮ್ಮಾ?" ಎಂದು ಆಯಿ ಉಪಚಾರ ಮಾಡುತ್ತಿರುವಾಗಲೇ ಚೀಲದೊಳಗಿನ ಚಾದರದ ಗಂಟು ಬಿಚ್ಚಿ ಆಂಪ್ಲಿಫೈಯರ್ ಹೊರಗೆ ತೆಗೆದರು. ಅಷ್ಟು ಕುರೂಪಿ ಡಬ್ಬಿಯನ್ನು ನಾನು ನೋಡಿರಲಿಲ್ಲ. ಕೈಯಿಂದ ಕತ್ತರಿಸಿದ ತಗಡು, ಕಾರ್ಖಾನೆಯ ಬೂದಿ ಬಣ್ಣ, ಒಂದು ಗುಂಡಿ, ಒಂದು ಕೆಂಪು ದೀಪ. ಅಪ್ಪ ಮಾತಾಡದೆ ಅದನ್ನು ಎತ್ತಿ ನೋಡಿದ. ಸೊಂಟ ಹಿಡಿದುಕೊಂಡು ಕೆಳಗಿಟ್ಟು, "ವಜ್ಜ ಐತಿ," ಎಂದು ಒಪ್ಪಿಕೊಂಡ.

ಅದನ್ನು ನಡುಮನೆಯಲ್ಲಿಟ್ಟು, ನಮ್ಮ ಟೇಪಿಗೂ ಸ್ಪೀಕರುಗಳಿಗೂ ಜೋಡಿಸಿ ಬೆಳಗಿನಿಂದಲೇ ಹಚ್ಚಿದರು. ಅತ್ತೆ ಬೇಕೆಂದೇ ಬಿರುಸಾಗಿ ಯಂತ್ರ ತುಳಿದಳು, ಹಾಡು ಮುಳುಗಲಿಲ್ಲ. ಗುಂಡಿ ಮೇಲೇರಿಸಿದಳು, ದನಿ ದೊಡ್ಡದಾಯಿತೇ ಹೊರತು ಹರಿಯಲಿಲ್ಲ. ತತ್ವಪದ ಬಂದಾಗ ಆಯಿ ಕೋಲೂರಿಕೊಂಡು ಬಂದು ಸ್ಪೀಕರಿನ ಮುಂದೆ ಕೂತಳು. "ಅಯ್ಯ, ಈ ಪದದಾಗ ಇಷ್ಟೊಂದು ಮಾತು ಅದಾವೇನು! ಇಷ್ಟು ದಿನ ಬರೇ ರಾಗಕ್ಕ ತಲಿ ಹಾಕತಿದ್ದೆ," ಎಂದು ಒಂದೇ ಪದವನ್ನು ಮತ್ತೆ ಮತ್ತೆ ಹಾಕಿಸಿದಳು. ಹೊತ್ತೇರಿದಂತೆ ಕರೆಂಟು ಇಳಿದು ಬಲ್ಬು ಬೆಲ್ಲದ ಬಣ್ಣಕ್ಕೆ ತಿರುಗಿತು. ಎಲ್ಲರೂ ಸ್ಪೀಕರಿನ ಕಡೆ ಬಗ್ಗಿದೆವು. ಹಾಡು ತುಸು ತಗ್ಗಿತು, ಅಷ್ಟೆ. ಕೊರಳು ಕೊರಳಾಗಿಯೇ ಇತ್ತು. ಅಪ್ಪ ತೊಡೆ ತಟ್ಟಿದ. ಆಮೇಲೆ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈ ಒರೆಸಿಕೊಂಡು ಬಂದು ಡಬ್ಬಿಯ ಮೇಲೆ ಅಂಗೈ ಇಟ್ಟಳು.

"ಕಾಯ್ದೈತ್ರಿ. ಇದೂ ಭಾಳ ಕಾಯ್ದೈತಿ."

ಶರಣಪ್ಪ ತಾವೂ ಕೈಯಿಟ್ಟು ನೋಡಿ ಮುಖ ಗಂಟಿಕ್ಕಿಕೊಂಡರು. "ಹೌದ್ರಿ ವೈನಿ. ಇಷ್ಟು ಮೆಲ್ಲಕ ಹಾಡುವಾಗ ಇಷ್ಟು ಕಾಯಬಾರದು. ಯಾಕಂತ ನನಗೂ ತಿಳಿದಿಲ್ಲ."

ಆಗ ನಾನು ಬಾಯಿಬಿಟ್ಟೆ. "ಅದು ಕೂಗಾಕತ್ತೈತಿ. ಸೊಳ್ಳಿ ಕಿವ್ಯಾಗ ಕೂಗಿದಂಗ. ಬಂದಾಗಿಂದ ಕೂಗಾಕತ್ತೈತಿ."

ಎಲ್ಲರೂ ಕಿವಿಗೊಟ್ಟರು. ಯಾರಿಗೂ ಏನೂ ಕೇಳಿಸಲಿಲ್ಲ. "ಸುಮ್ನಿರ," ಎಂದ ಅಪ್ಪ. "ಅತ್ತಿ ಹೋಗ್ತಾಳಂತ ಇಕಿಗೆ ಹೊಟ್ಟಿಕಿಚ್ಚು, ಅದಕ್ಕ ಕೂಗತೈತಿ," ಎಂದಳು ಅವ್ವ. ನಗೆ ಎದ್ದಿತು. ಅತ್ತೆ ಕೂಡ ನಕ್ಕಳು. ನನಗೆ ಕಣ್ಣಲ್ಲಿ ನೀರು ಬಂತು. ಹುಳುಕು ಹುಡುಕಬೇಕೆಂದು ಕೂತಿದ್ದೆ, ನಿಜ. ಆದರೆ ಆ ಸದ್ದು ನಾನು ಹುಟ್ಟಿಸಿದ್ದಲ್ಲ. ಹಾಡಿನ ಮೇಲೆ ಕೂದಲೆಳೆಯಂತೆ ಅದು ನಿಂತಿತ್ತು, ಕಿವಿಗೆ ಚುಚ್ಚುತ್ತಿತ್ತು.

ನಗದೇ ಇದ್ದವರು ಶರಣಪ್ಪ ಒಬ್ಬರೇ. ಅವರು ಕ್ಯಾಸೆಟ್ಟು ನಿಲ್ಲಿಸಿದರು.

"ಈಗ ಐತೇನು ರೇಣವ್ವಾ?"

"ಐತ್ರಿ."

"ಹಂಗಾರ ಗ್ವಾಡಿ ಕಡೆ ಮಾರಿ ಮಾಡಿ ನಿಂದ್ರು. ನಾ ಇಲ್ಲೇ ಏನರ ಮಾಡ್ತಿರ್ತೀನಿ. ಸದ್ದು ಹೋದಾಗ ಹೋತು ಅನ್ನು, ಬಂದಾಗ ಬಂತು ಅನ್ನು. ಯಾರೂ ಮಾತಾಡಬ್ಯಾಡ್ರಿ."

ಗೋಡೆಗೆ ಹಣೆ ಹಚ್ಚಿ ನಿಂತೆ. ಸುಣ್ಣದ ವಾಸನೆ ಇವತ್ತಿಗೂ ನೆನಪಿದೆ. ಬೆನ್ನ ಹಿಂದೆ ಇಡೀ ಮನೆ ಉಸಿರಾಡದೆ ಕೂತಿತ್ತು. ಎಳೆ ಕಡಿದಂತೆ ಸದ್ದು ನಿಂತಿತು. "ಹೋತು," ಎಂದೆ. "ಬಂತು." ಬಹಳ ಹೊತ್ತು ಏನೂ ಆಗಲಿಲ್ಲ, ನಾನೂ ಸುಮ್ಮನಿದ್ದೆ. "ಹೋತು." ಮತ್ತೆ, "ಬಂತು." ಹೀಗೇ ನಡೆಯಿತು. ಅವರು ಸ್ಪೀಕರಿನ ತಂತಿಯನ್ನು ಸದ್ದಾಗದಂತೆ ಬಿಡಿಸಿ ಸೇರಿಸಿ ಮಾಡುತ್ತಿದ್ದರಂತೆ, ನನಗೆ ಹೇಗೆ ಗೊತ್ತಾಗಬೇಕು? ಕೊನೆಗೆ ಅವರ ದನಿ ಕೇಳಿತು.

"ಒಂದೂ ತಪ್ಪಿಲ್ಲ. ಹುಡುಗಿ ಖರೇ ಹೇಳಾಕತ್ತಾಳ."

ತಿರುಗಿ ನೋಡಿದರೆ ಅಪ್ಪನ ಬಾಯಿ ತೆರೆದೇ ಇತ್ತು. ಶರಣಪ್ಪ ಮುಚ್ಚಳ ಬಿಚ್ಚಿದರು. ಅತ್ತೆ ಬ್ಯಾಟರಿ ಹಿಡಿದು ಪಕ್ಕದಲ್ಲಿ ಕೂತಳು, ತನ್ನ ಕಟ್ಟಿಗೆಯ ಅಳತೆಪಟ್ಟಿಯನ್ನು ಅವರ ಕೈಗೆ ಕೊಟ್ಟಳು. ಅದರ ತುದಿಯಿಂದ ಅವರು ಒಂದೊಂದೇ ತಂತಿಯನ್ನು ಮೆಲ್ಲಗೆ ಸರಿಸುತ್ತಾ ಹೋದರು. ಸ್ಪೀಕರಿಗೆ ಹೋಗುವ ತಂತಿಯ ಮಗ್ಗುಲಲ್ಲೇ ಟೇಪಿನಿಂದ ಬರುವ ತಂತಿ ಮಲಗಿತ್ತು. ಅದನ್ನು ಆಚೆ ಸರಿಸಿದ ಕೂಡಲೇ ನಾನು ಕಿರುಚಿದೆ: "ಹೋತು!" ಮತ್ತೆ ಹತ್ತಿರ ತಂದರೆ, "ಬಂತು!" ಅತ್ತೆಯ ದಾರದಿಂದ ಆ ತಂತಿಯನ್ನು ದೂರಕ್ಕೆ ಎಳೆದು ಕಟ್ಟಿ ಮುಚ್ಚಳ ಹಾಕಿ ಮತ್ತೆ ಹಾಡು ಹಚ್ಚಿದರು. ನಾವೆಲ್ಲ ರೊಟ್ಟಿ, ಎಣಗಾಯಿ ಊಟಕ್ಕೆ ಕೂತೆವು. ಶರಣಪ್ಪನ ತಾಯಿ "ನಮ್ಮ ಕಡೆ ಅನ್ನ ಉಣ್ಣದಿದ್ರ ಊಟ ಆದಂಗಲ್ಲ" ಎನ್ನುತ್ತಲೇ ರೊಟ್ಟಿಯ ಮೇಲೆ ರೊಟ್ಟಿ ಹಾಕಿಸಿಕೊಂಡರು. ಊಟ ಮುಗಿಸಿ ಅವ್ವ ಹೋಗಿ ಕೈಯಿಟ್ಟಳು.

"ಬೆಚ್ಚಗ ಐತಿ, ಅಷ್ಟ. ಕೂಸಿನ ಮೈ ಇದ್ದಂಗ."

"ದೊಡ್ಡವರಿಗೆ ಕೇಳದ, ಮಕ್ಕಳ ಕಿವಿಗಷ್ಟ ಮುಟ್ಟೋ ಸಣ್ಣ ಸದ್ದು ಹೊಂಡಸ್ಕೋಂತ ತನ್ನಷ್ಟಕ್ಕ ತಾನ ಸುಡಾಕತ್ತಿತ್ತು ನೋಡ್ರಿ ಅದು. ನನಗ ಕೇಳಿಲ್ಲ ಅಂದಮ್ಯಾಲೆ ಇಲ್ಲ ಅಂತ ತಿಳ್ಕೊಂಡಿದ್ದೆ," ಎಂದರು ಶರಣಪ್ಪ.

ಅಪ್ಪ ಗಂಟಲು ಸರಿಮಾಡಿಕೊಂಡು, ನನ್ನ ಮಧ್ಯಸ್ಥಿಕೆ ಇಲ್ಲದೆ, ನೇರವಾಗಿ ತಂಗಿಯನ್ನು ಕೇಳಿದ: "ಏನಂತೀ ಶಾರದಾ?"

"ಡಬ್ಬಿ ಛಲೋ ಐತಿ."

"ಮತ್ತ ನನ್ನ ಮಗ?" ಎಂದರು ಆ ತಾಯಿ.

ಅತ್ತೆ ಅವರ ಕಡೆಯೂ ನೋಡಲಿಲ್ಲ, ಶರಣಪ್ಪನ ಕಡೆಯೂ ನೋಡಲಿಲ್ಲ. ನನ್ನ ಜಡೆ ಹಿಡಿದು ಹತ್ತಿರಕ್ಕೆಳೆದುಕೊಂಡಳು. "ನಮ್ಮ ರೇಣಿ ಮಾತು ನಾವ್ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ. ಇವರು ನಂಬಿದ್ರು. ನನಗ ಸಾಕು." ಮನೆಯಲ್ಲಿ ಒಮ್ಮೆಲೇ ಗದ್ದಲವೆದ್ದಿತು. ಆಯಿ ಸಕ್ಕರೆ ತರಲು ಹೇಳಿದಳು, ಅವ್ವ ಅಳುತ್ತಾ ನಗುತ್ತಾ ಸಕ್ಕರೆ ಡಬ್ಬಿ ಹುಡುಕಿದಳು. ನಾನು ಅತ್ತೆಯ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅಳತೊಡಗಿದೆ. ನನ್ನ ಬಾಯಿಂದಲೇ ಆಕೆಯನ್ನು ಕೊಟ್ಟುಬಿಟ್ಟೆನಲ್ಲ ಎಂಬ ಸಂಕಟ. ಅದರ ಜೊತೆಗೇ, ಒಬ್ಬ ದೊಡ್ಡ ಮನುಷ್ಯ ನನ್ನ ಮಾತಿಗಾಗಿ ಇಡೀ ಮನೆಯನ್ನು ಸುಮ್ಮನಾಗಿಸಿ ಕೂರಿಸಿದ್ದರು ಎಂಬ ಹಿಗ್ಗು. ಎರಡರಲ್ಲಿ ಹಿಗ್ಗೇ ದೊಡ್ಡದಾಗಿತ್ತು. ಶಾಲೆಯಲ್ಲಿ ಕೈ ಎತ್ತಿ "ಇಲ್ಲ ಸರ್, ನನಗ ಬ್ಯಾರೆ ಕೇಳಿಸೇತಿ" ಎನ್ನುವ ಧೈರ್ಯ ನನಗೆ ಬಂದದ್ದು ಆ ರವಿವಾರದ ನಂತರವೇ.

ಮದುವೆಯಾಯಿತು. ಅತ್ತೆ, ಹೊಲಿಗೆ ಯಂತ್ರ, ಬೂದಿ ಬಣ್ಣದ ಡಬ್ಬಿ ಎಲ್ಲ ಗಿಣಿಗೇರಾಕ್ಕೆ ಹೋದವು. ನಡುಮನೆ ಭಣಗುಟ್ಟಿತು. ನಾನು ಅಲ್ಲಿ ಕೂರುವುದನ್ನೇ ಬಿಟ್ಟೆ. ಕೆಲವು ವಾರಗಳಾದ ಮೇಲೆ ಅಪ್ಪ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದ. ಕಾರ್ಖಾನೆಯ ಕೆಂಪು ಧೂಳು ಕೂತ ಓಣಿಯೊಂದರಲ್ಲಿ ಅವರ ಎರಡು ಕೋಣೆಯ ಮನೆ. ತಿರುವಿನಲ್ಲೇ ಹಾಡು ಕೇಳಿಸಿತು, ಹಾಡಿಗಿಂತ ಜೋರಾಗಿ ಅತ್ತೆಯ ದನಿ. ಸ್ಪೀಕರುಗಳನ್ನು ನೆಲದ ಮೇಲಿಡಬೇಕೋ ಗೋಡೆಗೆ ಏರಿಸಬೇಕೋ ಎಂದು ಗಂಡ ಹೆಂಡಿರ ವಾದ. ನಮ್ಮನ್ನು ನೋಡಿದ್ದೇ ತಡ, ಇಬ್ಬರೂ ತಮ್ಮ ತಮ್ಮ ಕಡೆಗೆ ಸಾಕ್ಷಿ ಹೇಳಲು ನನ್ನ ಒಂದೊಂದು ಕೈ ಹಿಡಿದು ಎಳೆದರು. "ಬಂದಾಗಿಂದ ಇದ ನಡದೈತ್ರಿ, ಒಬ್ಬರೂ ಸೋಲಂಗಿಲ್ಲ," ಎಂದು ಅತ್ತೆಯ ಅತ್ತೆ ತಲೆ ಹಿಡಿದುಕೊಂಡು, ನಗುತ್ತಲೇ ನನ್ನ ತಾಟಿಗೆ ಬಿಸಿ ಅನ್ನ ಸುರಿದರು. ಊಟದ ನಡುವೆಯೂ ಅತ್ತೆ ಬೆರಳು ಎತ್ತಿ, ಎಂಜಲು ಕೈ ಬೀಸಿ, ಬಾಸು, ಅಂದರೆ ಹಾಡಿನ ದಪ್ಪ ದನಿ, ಹೆಚ್ಚಾಯಿತೆಂದು ವಾದಿಸುತ್ತಿದ್ದಳು. ಶರಣಪ್ಪ ಮಾವ ಅನ್ನ ಕಲಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿ, ಆಮೇಲೆ "ಇಲ್ಲ" ಎನ್ನುತ್ತಿದ್ದರು. ನಾನು ಎರಡನೆಯ ಸಲ ಅನ್ನ ಹಾಕಿಸಿಕೊಂಡೆ.

ಸಂಜೆ ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟ. ಆಮೇಲೆ ನನ್ನ ಕಡೆ ತಿರುಗಿದ.

"ರೇಣಿ, ನಿನಗ ಖರೇ ಏನ್ ಕಾಣ್ತು ಹೇಳು. ಹೆಂಗದಾಳ ನಿಮ್ಮತ್ತಿ?"

"ದಿನಾಲೂ ಜಗಳಾಡ್ತಾಳಂತ ಅಪ್ಪಾ. ಭಾಳ ಜಗಳಾಡ್ತಾಳ."

ಅಪ್ಪ ಉಸಿರು ಬಿಟ್ಟು ಸೀಟಿಗೆ ಒರಗಿದ. ಅವನ ಮುಖದ ತುಂಬ ನಗೆ ಹರಡಿತು.

"ಹಂಗಾರ ಛಲೋ ಅದಾಳ ಬಿಡು."